ಟವರ್ ಸತ್ತರೂ ಒಟಿಪಿ ಸಿಗುತ್ತೆ ಸ್ವಾಮಿ!

ದೊಡ್ಡಬೆಳವಂಗಲ: ಮಾಲು ತುಂಬಿದ ಟೆಂಪೊ ಬಾಗಿಲಲ್ಲಿ ನಿಂತಿದೆ. ಡ್ರೈವರು ಹಾರ್ನ್ ಹೊಡೀತಾನೇ ಇದ್ದಾನೆ. ಕೇಬಲ್ ಇಂಟರ್‌ನೆಟ್ ಇರುವ ಅಂಗಡಿಯ ಕಂಪ್ಯೂಟರು ಪಾಸ್‌ವರ್ಡ್ ಒಪ್ಪಿಕೊಂಡು, ‘ಈಗ ಒಟಿಪಿ ಕೊಡಿ’ ಅಂತ ಬಾಯಿ ತೆರೆದು ಕೂತಿದೆ. ಆದರೆ ಒಟಿಪಿ ಬರಬೇಕಾದ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ! ಶೀಟು ಹೊದಿಸಿದ ಗೋಡೌನಿರಲಿ, ನೆಲಮಾಳಿಗೆಯ ಮಳಿಗೆಯಿರಲಿ, ಈ ಫಜೀತಿ ಯಾವ ವರ್ತಕರಿಗಾದರೂ ಬರಬಹುದು.

ಗಾಡಿ ಹಾಗೇ ಕಳಿಸೋಣವೇ? ಬೇಡಿ. ರಾಜ್ಯದೊಳಗಿನ ಸಾಗಣೆಗೂ ಈ-ವೇ ಬಿಲ್ ಜಾರಿಗೆ ತಂದ ಮೊದಲ ರಾಜ್ಯ ನಮ್ಮದೇ, 2018ರ ಏಪ್ರಿಲ್ 1ರಂದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ 50,000 ರೂಪಾಯಿ ದಾಟಿದ ಸರಕಿಗೆ ಇದು ಬೇಕೇ ಬೇಕು. ದೊಡ್ಡಬಳ್ಳಾಪುರದ ಮಗ್ಗದ ಸೀರೆ ನಾಲ್ಕು ಗಂಟು ಕಟ್ಟಿದರೆ ಅಷ್ಟು ದಾಟೋದು ಎಷ್ಟು ಹೊತ್ತು? ದಾರಿಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ ತೆತ್ತು ಮಾಲು ಬಿಡಿಸಿಕೊಳ್ಳಬೇಕಾದೀತು.

ಈ ಎರಡನೇ ಬೀಗ, ಅಂದರೆ ಪಾಸ್‌ವರ್ಡಿನ ಮೇಲೆ ಒಟಿಪಿ, ಮೊದಲು ಕಡ್ಡಾಯವಾದದ್ದು 100 ಕೋಟಿ ಮೀರಿದ ವಹಿವಾಟಿನ ಧಣಿಗಳಿಗೆ, 2023ರ ಆಗಸ್ಟ್ 20ರಂದು. 2025ರ ಏಪ್ರಿಲ್ 1ರಿಂದ ಸಣ್ಣವರು ದೊಡ್ಡವರು ಎನ್ನದೆ ಎಲ್ಲರ ಕೊರಳಿಗೂ ಬಿತ್ತು.

ಬಹಳ ಜನ ಗಮನಿಸದ ಸಂಗತಿ ಇಲ್ಲಿದೆ. ಒಟಿಪಿ ಪಡೆಯಲು ಸರ್ಕಾರವೇ ಮೂರು ದಾರಿ ಇಟ್ಟಿದೆ. ಒಂದು ಎಸ್ಸೆಮ್ಮೆಸ್, ಇನ್ನೊಂದು ‘ಸಂದೇಸ್’ ಆ್ಯಪ್. ಮೂರನೆಯದು ‘ಎನ್‌ಐಸಿ-ಜಿಎಸ್‌ಟಿ-ಶೀಲ್ಡ್’. ಈ ಮೂರನೆಯದಕ್ಕೆ ಟವರೂ ಬೇಡ, ಇಂಟರ್‌ನೆಟ್ಟೂ ಬೇಡ. ಫೋನಿನೊಳಗೇ 30 ಸೆಕೆಂಡಿಗೊಂದು ಹೊಸ ಸಂಖ್ಯೆ ಹುಟ್ಟುತ್ತೆ.

ಅದು ಹ್ಯಾಗ್ರೀ ಅಂತೀರಾ? ಪಂಚಾಂಗ ನೋಡಿ. ಒಂದೇ ಪಂಚಾಂಗ ಇಬ್ಬರ ಮನೆಯಲ್ಲಿದ್ದರೆ ಇವತ್ತು ಯಾವ ತಿಥಿ ಅಂತ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಬೇಕೆ? ಇಂಥ ಆ್ಯಪ್‌ಗಳ ಮರ್ಮವೂ ಅಷ್ಟೆ. ನೋಂದಣಿ ದಿನ ಒಂದು ಗುಟ್ಟಿನ ಕೀಲಿಯನ್ನು ಫೋನೂ ಆ ಕಡೆಯ ಕಂಪ್ಯೂಟರೂ ಹಂಚಿಕೊಳ್ಳುತ್ತವೆ. ಆಮೇಲೆ ಇಬ್ಬರೂ ಗಡಿಯಾರ ನೋಡಿ ಅದೇ ಲೆಕ್ಕ ಹಾಕುತ್ತಾರೆ. ಉತ್ತರ ಒಂದೇ ಬರುತ್ತೆ. ಗೂಗಲ್ ಆಥೆಂಟಿಕೇಟರ್ ಕೆಲಸ ಮಾಡೋದೂ ಹೀಗೇ.

ಹಾಗಾಗಿ ಗಡಿಯಾರ ಕೆಟ್ಟರೆ ಆಟ ಕೆಟ್ಟಿತು. ಕೈಯಿಂದ ಟೈಮ್ ತಿದ್ದುವ ಚಪಲದವರು ಅದನ್ನು ಬಿಟ್ಟು, ‘ತಾನಾಗಿಯೇ ಸಮಯ’ ಎಂಬ ಸೆಟ್ಟಿಂಗ್ ಹಾಕಿಡಬೇಕು. ಮತ್ತೆ, ಆ್ಯಪ್ ಹಾಕಿಕೊಳ್ಳುವ ದಿನ ಮಾತ್ರ ನೆಟ್‌ವರ್ಕ್ ಬೇಕು. ಟೆಂಪೊ ಬಂದು ನಿಂತ ಮೇಲೆ ಹುಡುಕಿದರೆ ಆಗದು. ಅದನ್ನು ಈ-ವೇ ಬಿಲ್ ವೆಬ್‌ಸೈಟಿನ ಮೆನುವಿನಿಂದಲೇ ಇಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಲಿಂಕು ಒತ್ತಿ ಗಲ್ಲಾಪೆಟ್ಟಿಗೆ ಬರಿದು ಮಾಡಿಕೊಳ್ಳಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬ್ಯಾಂಕು ಎಸ್ಸೆಮ್ಮೆಸ್ಸಿನಲ್ಲಿ ಕಳಿಸುವ ಒಟಿಪಿಗೆ ಈ ಆ್ಯಪ್ ಬದಲಿಯಲ್ಲ, ನೆನಪಿರಲಿ.

ಇನ್ನೊಂದು ಪೇಚು ಬಸ್ಸಿನಲ್ಲಿ ಓಡಾಡುವ ಮಾಲೀಕರದು. ಸಾಹುಕಾರರು ಬೆಂಗಳೂರು ಬಸ್ಸಿನಲ್ಲಿ, ಒಟಿಪಿ ಅವರ ಜೇಬಿನಲ್ಲಿ, ಗುಮಾಸ್ತ ಇಲ್ಲಿ ಅಂಗಡಿಯಲ್ಲಿ! ಇದಕ್ಕೂ ದಾರಿಯಿದೆ. ಗುಮಾಸ್ತನ ಹೆಸರಲ್ಲಿ ಉಪ-ಬಳಕೆದಾರ ಖಾತೆ ತೆರೆದು ಅವನದೇ ಮೊಬೈಲ್ ನಂಬರ್ ಕೊಟ್ಟರೆ ಅವನ ಒಟಿಪಿ ಅವನಿಗೇ ಸಿಗುತ್ತೆ. ಅವನು ಕೆಲಸ ಬಿಟ್ಟ ದಿನವೇ ಆ ಖಾತೆ ಮುಚ್ಚಬೇಕು, ಅಷ್ಟೆ.