ಹಳೆಯ ಸಿ.ಎನ್.ಸಿ. ಯಂತ್ರದ ಸರ್ವೋ ಮೋಟಾರು: ದುರಸ್ತಿಯೋ, ಬದಲಾವಣೆಯೋ?

ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತಲ ಕಾಫಿ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಪಲ್ಪರ್ ಯಂತ್ರದ ಮೋಟಾರು ಸುಟ್ಟುಹೋದರೆ, ಬೆಳೆಗಾರರು ಮೊದಲು ವಿಚಾರಿಸುವುದು ಹೊಸ ಮೋಟಾರಿನ ಬೆಲೆಯನ್ನಲ್ಲ. ಸಂಜೆಯೊಳಗೆ ಯಂತ್ರ ತಿರುಗುವುದೇ ಎಂಬುದನ್ನು. ಕೊಯ್ದ ಹಣ್ಣಿನ ಸಿಪ್ಪೆಯನ್ನು ಅದೇ ದಿನ ಬಿಡಿಸದಿದ್ದರೆ ಹಣ್ಣು ಹುದುಗಿ ಕಾಫಿಯ ಗುಣಮಟ್ಟ ಕುಸಿಯುತ್ತದೆ. ಮೋಟಾರಿನ ಬೆಲೆಗಿಂತ ಯಂತ್ರ ನಿಂತ ದಿನದ ಬೆಲೆ ದೊಡ್ಡದೆಂಬುದು ಅಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲದ ಪಾಠ.

ಇದೇ ಪಾಠವನ್ನು ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಕೈಗಾರಿಕೋದ್ಯಮಿಗಳು ಎಷ್ಟೋ ಸಲ ಮರೆಯುತ್ತಾರೆ. ಬೆಂಗಳೂರಿನ ಪೀಣ್ಯ, ಮೈಸೂರಿನ ಹೆಬ್ಬಾಳ, ಹುಬ್ಬಳ್ಳಿ, ಬೆಳಗಾವಿಗಳ ಕಾರ್ಖಾನೆಗಳಲ್ಲಿ ಸಿ.ಎನ್.ಸಿ. ಯಂತ್ರವೇ ದುಡಿಮೆಯ ಆಧಾರ. 1953ರಲ್ಲಿ ಎಚ್.ಎಂ.ಟಿ., 1962ರಲ್ಲಿ ಇಂದಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದಂದಿನಿಂದ ಯಂತ್ರೋಪಕರಣ ಉದ್ಯಮಕ್ಕೆ ಕರ್ನಾಟಕವೇ ನೆಲೆಯಾಗಿದೆ. ಜಪಾನಿನ ಫ್ಯಾನಕ್ ಕಂಪನಿಯ ಭಾರತೀಯ ಶಾಖೆಯೂ 1992ರಲ್ಲಿ ಬೆಂಗಳೂರಿನಲ್ಲೇ ಸ್ಥಾಪಿತವಾಯಿತು. ಹಳೆಯ ಯಂತ್ರಗಳ ಎರಕದ ಮೈಕಟ್ಟು ದಶಕಗಳವರೆಗೆ ಬಾಳುತ್ತದೆ. ಮೊದಲು ಸೋಲುವುದು ಅದರ ವಿದ್ಯುತ್ ಅಂಗಗಳು. ಅವುಗಳಲ್ಲಿ ಪ್ರಮುಖವಾದುದು ಸರ್ವೋ ಮೋಟಾರು.

ಎರಡು ಮೋಟಾರು, ಎರಡು ಬಗೆ

ಪಲ್ಪರ್‌ನ ಸಾಮಾನ್ಯ ಇಂಡಕ್ಷನ್ ಮೋಟಾರಿಗೆ ತಿರುಗುವುದಷ್ಟೇ ಕೆಲಸ. ಸುಟ್ಟರೆ ರಿವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತಿಸಿ ಮರಳಿ ಜೋಡಿಸಬಹುದು. ಸರ್ವೋ ಮೋಟಾರು ತಿರುಗುವುದರ ಜೊತೆಗೆ ತಾನು ಎಷ್ಟು ತಿರುಗಿದೆನೆಂಬ ಲೆಕ್ಕವನ್ನೂ ನಿಯಂತ್ರಕಕ್ಕೆ ಒಪ್ಪಿಸುತ್ತದೆ. ಆ ಲೆಕ್ಕ ಕೊಡುವ ಅಂಗವೇ ಹಿಂಬದಿಯಲ್ಲಿರುವ ಎನ್‌ಕೋಡರ್. ಇಂದಿನ ಎ.ಸಿ. ಸರ್ವೋಗಳ ರೋಟರ್‌ನಲ್ಲಿ ಶಾಶ್ವತ ಅಯಸ್ಕಾಂತಗಳಿರುತ್ತವೆ. ಅವುಗಳಿಗೂ ಎನ್‌ಕೋಡರಿಗೂ ಇರುವ ಕೋನದ ಹೊಂದಾಣಿಕೆ ತಪ್ಪಿದರೆ ಮೋಟಾರು ಬಲ ಕಳೆದುಕೊಳ್ಳುತ್ತದೆ, ಇಲ್ಲವೇ ಹತೋಟಿ ತಪ್ಪಿ ಓಡುತ್ತದೆ. ಶಾಫ್ಟಿನ ಮೇಲೆ ಬಿದ್ದ ಸುತ್ತಿಗೆಯ ಒಂದು ಪೆಟ್ಟು ಎನ್‌ಕೋಡರಿನ ಗಾಜಿನ ತಟ್ಟೆಯನ್ನು ಒಡೆಯಲು ಸಾಕು. ಆದುದರಿಂದ ನಂಬಿಕೆಯ ರಿವೈಂಡಿಂಗ್ ಮೇಸ್ತ್ರಿಯಾದರೂ ಸರ್ವೋ ಕೆಲಸದ ಅನುಭವ ಹಾಗೂ ಪರೀಕ್ಷಾ ಸಲಕರಣೆ ಇಲ್ಲದಿದ್ದರೆ ಅವರ ಕೈಗೆ ಇದನ್ನು ಕೊಡುವುದು ವಿವೇಕವಲ್ಲ.

ತಪ್ಪು ಮೋಟಾರಿನದೇ?

ಪರದೆಯ ಮೇಲೆ ಸರ್ವೋ ಅಲಾರಂ ಬಂದ ಮಾತ್ರಕ್ಕೆ ಮೋಟಾರು ಕೆಟ್ಟಿದೆಯೆಂದು ಅರ್ಥವಲ್ಲ. ಕೇಬಲ್ಲಿನೊಳಗೆ ಮುರಿದ ತಂತಿ, ಕನೆಕ್ಟರಿನೊಳಗೆ ಇಳಿದ ಕೂಲೆಂಟ್, ಡ್ರೈವ್‌ನ ದೋಷ, ಎಣ್ಣೆಯಿಲ್ಲದೆ ಬಿಗಿಯಾದ ಸ್ಲೈಡ್, ಸವೆದ ಬಾಲ್ ಸ್ಕ್ರೂ ಬೇರಿಂಗ್ ಇವೆಲ್ಲವೂ ಮೋಟಾರಿನ ಮೇಲೆಯೇ ಆರೋಪ ಹೊರಿಸುತ್ತವೆ. ಬಿಗಿಯಾದ ಸ್ಲೈಡಿಗೆ ಹೊಸ ಮೋಟಾರು ಜೋಡಿಸಿದರೆ ಅದೂ ಬಿಸಿಯೇರಿ ನಿಲ್ಲುತ್ತದೆ.

ಪರೀಕ್ಷೆಗೆ ಕ್ರಮವಿದೆ. ಮೊದಲು ಅಲಾರಂ ಸಂಖ್ಯೆಯನ್ನು ಬರೆದಿಟ್ಟುಕೊಂಡು ಯಂತ್ರದ ಪ್ಯಾರಾಮೀಟರ್‌ಗಳ ಪ್ರತಿ ತೆಗೆಯಬೇಕು. ಬಳಿಕ ಮೋಟಾರನ್ನು ಡ್ರೈವ್‌ನಿಂದ ಬೇರ್ಪಡಿಸಿ ಮೂರು ಫೇಸುಗಳ ನಡುವಣ ರೋಧ ಸಮನಾಗಿದೆಯೇ ಎಂದು ನೋಡಬೇಕು. ಆಮೇಲೆ 500 ವೋಲ್ಟಿನ ಮೆಗ್ಗರ್‌ನಿಂದ ಇನ್ಸುಲೇಷನ್ ಅಳೆಯಬೇಕು. 100 ಮೆಗಾ ಓಮ್‌ಗಿಂತ ಹೆಚ್ಚಿದ್ದರೆ ವೈಂಡಿಂಗ್ ಕ್ಷೇಮ; 1ಕ್ಕಿಂತ ಕಡಿಮೆಯಾದರೆ ಆ ಸ್ಥಿತಿಯಲ್ಲಿ ಚಲಾಯಿಸಲೇಬಾರದು. ಮೆಗ್ಗರ್‌ನ ತಂತಿ ಎನ್‌ಕೋಡರಿಗಾಗಲೀ ಡ್ರೈವ್‌ಗಾಗಲೀ ತಗುಲಿದರೆ ಒಂದು ದೋಷ ಎರಡಾಗುತ್ತದೆ. ಕೊಡಗಿನಂತಹ ಮಳೆನಾಡಿನಲ್ಲಿ ತೇವದಿಂದಲೇ ಇನ್ಸುಲೇಷನ್ ಇಳಿಯಬಹುದು. ಹಾಗಾದಾಗ ಮೋಟಾರನ್ನು ಕ್ರಮವಾಗಿ ಒಣಗಿಸಿ ಮತ್ತೆ ಅಳೆದ ನಂತರವೇ ತೀರ್ಮಾನಕ್ಕೆ ಬರತಕ್ಕದ್ದು. ಬ್ರಷ್ ಇರುವ ಹಳೆಯ ಡಿ.ಸಿ. ಸರ್ವೋಗಳಲ್ಲಿ ಬ್ರಷ್ ಬದಲಿಸಿ, ಇಂಗಾಲದ ಪುಡಿ ತೆಗೆದು, ಕಮ್ಯುಟೇಟರನ್ನು ಶುಚಿಗೊಳಿಸಿದರೆ ಕೆಲಸ ಮುಗಿಯುವುದೂ ಉಂಟು.

ಕಳಚುವ ಮುನ್ನ ಎರಡು ಎಚ್ಚರಿಕೆ ಅಗತ್ಯ. ಲಂಬವಾಗಿ ಚಲಿಸುವ ಅಕ್ಷದ ಮೋಟಾರು ಬಿಚ್ಚುವಾಗ ತಲೆಭಾಗಕ್ಕೆ ಗಟ್ಟಿ ಆಧಾರ ಕೊಡದಿದ್ದರೆ ಅದು ಕುಸಿದು ಕೈಕಾಲಿಗೆ ಅಪಾಯ. ಬ್ಯಾಟರಿ ಆಧಾರಿತ ಎನ್‌ಕೋಡರಿನ ತಂತಿ ತೆಗೆದರೆ ಯಂತ್ರವು ತನ್ನ ಮೂಲಸ್ಥಾನವನ್ನು ಮರೆಯುತ್ತದೆ. ಅದನ್ನು ಮತ್ತೆ ನಿಗದಿಪಡಿಸಲು ಬಲ್ಲವರು ಸ್ಥಳದಲ್ಲಿರಬೇಕು.

ನಿಂತ ದಿನಗಳ ಲೆಕ್ಕ

ದೋಷ ಮೋಟಾರಿನದೇ ಎಂದು ಖಚಿತವಾದ ಮೇಲೆ ಪ್ರಶ್ನೆ ಲೆಕ್ಕದ್ದು. ಉದಾಹರಣೆಗೆ ದುರಸ್ತಿಗೆ ರೂ. 40,000 ಮತ್ತು 10 ದಿನ. ಹೊಸ ಮೋಟಾರಿಗೆ ರೂ. 1,20,000 ಮತ್ತು 3 ದಿನ ಎಂದಿಟ್ಟುಕೊಳ್ಳಬಹುದು. ಯಂತ್ರ ನಿಂತರೆ ದಿನಕ್ಕೆ ರೂ. 8,000 ನಷ್ಟವಾಗುವುದಾದರೆ ದುರಸ್ತಿಯ ಒಟ್ಟು ಹೊರೆ ರೂ. 1,20,000, ಹೊಸದರ ಹೊರೆ ರೂ. 1,44,000. ದುರಸ್ತಿಯೇ ಲೇಸು. ಅದೇ ನಷ್ಟ ದಿನಕ್ಕೆ ರೂ. 15,000 ಆದರೆ ದುರಸ್ತಿಯ ಹೊರೆ ರೂ. 1,90,000ಕ್ಕೆ ಏರುತ್ತದೆ, ಹೊಸದರದು ರೂ. 1,65,000ರಲ್ಲೇ ನಿಲ್ಲುತ್ತದೆ. ಎರಡೂ ಸಮವಾಗುವುದು ದಿನಕ್ಕೆ ಸುಮಾರು ರೂ. 11,400ರ ನಷ್ಟದಲ್ಲಿ. ಮೋಟಾರಿನ ಬೆಲೆ ಬದಲಾಗಲಿಲ್ಲ; ನಿಂತ ದಿನದ ಬೆಲೆ ತೀರ್ಪನ್ನು ಬದಲಿಸಿತು.

ಈ ನಷ್ಟದಲ್ಲಿ ಬಾಡಿಗೆ, ಕಾಯಂ ಸಂಬಳಗಳನ್ನು ಸೇರಿಸುವುದು ತಪ್ಪು. ಯಂತ್ರ ಓಡಿದರೂ ನಿಂತರೂ ಅವು ಇದ್ದೇ ಇರುತ್ತವೆ. ಮಾರಾಟದ ಮೊತ್ತದಿಂದ ಕಚ್ಚಾಮಾಲು, ಟೂಲ್, ವಿದ್ಯುತ್ತಿನಂತಹ ಬದಲಾಗುವ ವೆಚ್ಚ ಕಳೆದು ಉಳಿಯುವುದನ್ನು ಹಿಡಿಯಬೇಕು. ಹೊರಗಿನಿಂದ ಕೆಲಸ ಮಾಡಿಸಿ ಆದೇಶ ಪೂರೈಸಿದರೆ ಅದರ ಹೆಚ್ಚುವರಿ ವೆಚ್ಚವಷ್ಟೇ ನಷ್ಟ. ತಡವಾದುದಕ್ಕೆ ಗ್ರಾಹಕರು ಕಡಿತ ಮಾಡುವ ಮೊತ್ತವನ್ನು ಮರೆಯಬಾರದು. ಬೇರೆ ತಯಾರಿಕೆಯ ಹೊಸ ಮೋಟಾರಾದರೆ ಅದಕ್ಕೆ ಒಪ್ಪುವ ಡ್ರೈವ್, ಫ್ಲಾಂಜ್, ಕಪ್ಲಿಂಗ್ ಹಾಗೂ ಟ್ಯೂನಿಂಗ್ ವೆಚ್ಚವೂ ಸೇರುತ್ತದೆ.

ಇಲ್ಲೇ ಮತ್ತೊಂದು ಭ್ರಮೆ ಎದುರಾಗುತ್ತದೆ. ರೂ. 20 ಲಕ್ಷದ ಯಂತ್ರದ ಮೇಲೆ ಪ್ರತಿವರ್ಷ ಇಳಿಕೆಯ ಮೌಲ್ಯದ ಶೇ. 15ರಂತೆ ಸವಕಳಿ ತೆಗೆದರೆ 15 ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು ರೂ. 1.75 ಲಕ್ಷ. 'ಇಷ್ಟು ಬೆಲೆಯ ಯಂತ್ರಕ್ಕೆ ಲಕ್ಷದ ಮೋಟಾರೇ?' ಎಂಬ ಮಾತು ಸಹಜವಾದರೂ ಸರಿಯಲ್ಲ. ಪುಸ್ತಕದ ಬೆಲೆ ಕಳೆದ ಕಾಲದ ಲೆಕ್ಕ. ಮುಂದಿನ ವರ್ಷಗಳಲ್ಲಿ ಯಂತ್ರ ಎಷ್ಟು ದುಡಿಯುತ್ತದೆ, ಅದರ ನಿಯಂತ್ರಕ ಹಾಗೂ ಡ್ರೈವ್‌ಗಳಿಗೆ ಬಿಡಿಭಾಗ ಇನ್ನೆಷ್ಟು ಕಾಲ ಸಿಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಬಿಡಿಭಾಗಗಳೇ ಸಿಗದ ನಿಯಂತ್ರಕಕ್ಕೆ ದುಬಾರಿ ಮೋಟಾರು ತರುವುದಕ್ಕಿಂತ ದುರಸ್ತಿಯಿಂದ ಕಾಲ ತಳ್ಳಿ, ಪೂರ್ಣ ರೆಟ್ರೋಫಿಟ್ ಅಥವಾ ಹೊಸ ಯಂತ್ರಕ್ಕೆ ಹಣ ಕೂಡಿಡುವುದು ಮೇಲು.

ತೆರಿಗೆ ಮತ್ತು ದಾಖಲೆ

1961ರ ಆದಾಯ ತೆರಿಗೆ ಕಾಯಿದೆಯ 31ನೇ ಕಲಮಿನಡಿ 'ಚಾಲ್ತಿ ದುರಸ್ತಿ'ಯನ್ನು ಆ ವರ್ಷದ ವೆಚ್ಚವಾಗಿ ಕಳೆಯಲು ಅವಕಾಶವಿತ್ತು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚ ಮಾತ್ರ ಚಾಲ್ತಿ ದುರಸ್ತಿಯೆಂದೂ, ಇಡೀ ಯಂತ್ರವನ್ನೇ ಬದಲಿಸುವುದು ಹಾಗಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಂತೆಯೇ ಯಂತ್ರದೊಳಗಿನ ಒಂದು ಮೋಟಾರಿನ ದುರಸ್ತಿ ಅಥವಾ ಅದೇ ಬಗೆಯ ಬದಲಿ ಸಾಮಾನ್ಯವಾಗಿ ದುರಸ್ತಿ ವೆಚ್ಚ; ಯಂತ್ರದ ಸಾಮರ್ಥ್ಯ ಹೆಚ್ಚಿಸುವ ರೆಟ್ರೋಫಿಟ್ ಬಂಡವಾಳ ವೆಚ್ಚ. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರಚಿತವಾದ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾದರೂ ಚಾಲ್ತಿ ದುರಸ್ತಿಯ ಪರಿಕಲ್ಪನೆ ಉಳಿದಿದೆ.

ದುರಸ್ತಿಗೆ ಕಳುಹಿಸುವ ಮೋಟಾರು ಮಾರಾಟದ ಸರಕಲ್ಲ. ಅದರೊಂದಿಗೆ ಡೆಲಿವರಿ ಚಲನ್ ಇರಬೇಕು, ಮೌಲ್ಯ ರೂ. 50,000 ಮೀರಿದರೆ ಇ-ವೇ ಬಿಲ್ಲೂ ಬೇಕು. ಬಂಡವಾಳ ಸರಕಿನ ಜಿ.ಎಸ್.ಟಿ. ಮೊತ್ತದ ಮೇಲೆ ಸವಕಳಿ ಪಡೆದವರಿಗೆ ಅದೇ ಮೊತ್ತದ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಚಲನ್‌ನಲ್ಲಿ ಮೋಟಾರಿನ ಮಾದರಿ ಹಾಗೂ ಸರಣಿ ಸಂಖ್ಯೆ ನಮೂದಿಸಿದರೆ ಅದಲುಬದಲಾಗುವ ಭಯವೂ ಇರದು. ದುರಸ್ತಿ ಮಾಡುವವರಿಂದ ಭಾರ ಹಾಕಿ ಓಡಿಸಿದ ಪರೀಕ್ಷೆಯ ವರದಿ ಮತ್ತು ಲಿಖಿತ ಖಾತರಿಯನ್ನು ಪಡೆಯಬೇಕು.

ಒಂದೇ ಮಾದರಿಯ ಯಂತ್ರಗಳು ಎರಡು ಮೂರಿರುವ ಕಾರ್ಖಾನೆಗೆ, ಪರೀಕ್ಷಿಸಿದ ಒಂದು ಹಳೆಯ ಮೋಟಾರನ್ನು ಒಣ ಜಾಗದಲ್ಲಿ ಇರಿಸಿಕೊಳ್ಳುವುದು ಅಗ್ಗದ ವಿಮೆ. ಅದು ಇದ್ದರೆ ಹತ್ತು ದಿನದ ದುರಸ್ತಿಯೂ ಒಂದು ದಿನದ ನಿಲುಗಡೆಯಾಗಿ ಮುಗಿಯುತ್ತದೆ. ಕೊಯ್ಲು ಶುರುವಾಗುವ ಮೊದಲೇ ಪಲ್ಪರ್ ಬಿಚ್ಚಿ, ಬೇರಿಂಗ್ ನೋಡಿ, ಬೆಲ್ಟ್ ತಂದಿಡುವ ಸುಂಟಿಕೊಪ್ಪದ ಬೆಳೆಗಾರರ ರೂಢಿಯೇ ಯಂತ್ರಕಾರ್ಖಾನೆಗೂ ಮಾದರಿ. ವ್ಯತ್ಯಾಸವಿಷ್ಟೇ: ಕಾಫಿಗೆ ಕೊಯ್ಲಿನ ತಿಂಗಳು ಗೊತ್ತಿದೆ, ಕಾರ್ಖಾನೆಗೆ ಆದೇಶವಿರುವ ಪ್ರತಿದಿನವೂ ಕೊಯ್ಲೇ.