ಸುಣ್ಣ ಬಿದ್ದ ಕಣ್ಣು: ಕಾಂಡಕೋಶ ಚಿಕಿತ್ಸೆಯ ಬಗ್ಗೆ ಸದಸ್ಯರಿಗೆ ಕೆಲವು ಮಾತು

ಮುಂಗಾರು ಹತ್ತಿರ ಬಂತೆಂದರೆ ಸಂಘದ ಗೋದಾಮಿನಲ್ಲಿ ಮೈಲುತುತ್ತ ಮತ್ತು ಸುಣ್ಣಕ್ಕೆ ಬೇಡಿಕೆ ಏರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ, ಕಾಫಿಯ ಎಲೆ ತುಕ್ಕುರೋಗಕ್ಕೆ ಶೇಕಡಾ ಅರ್ಧದ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಪ್ರತಿಯೊಬ್ಬ ಬೆಳೆಗಾರನಿಗೂ ಬಾಯಿಪಾಠ. ಆದರೆ ಅದೇ ಸುಣ್ಣ ಕಣ್ಣಿಗೆ ಸಿಡಿದರೆ ಏನು ಮಾಡಬೇಕು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ನನಗಂತೂ 2014ರ ಜೂನ್ ತನಕ ತಿಳಿದಿರಲಿಲ್ಲ.

ಆ ವರ್ಷ ನಮ್ಮ ತೋಟದಲ್ಲಿ ಮೊದಲ ಸಿಂಪಡಣೆಯ ದಿನ ಡ್ರಮ್ಮಿನಲ್ಲಿ ಸುಟ್ಟ ಸುಣ್ಣ ಕುದಿಯುತ್ತಿತ್ತು. ಅದನ್ನು ಕಲಕುತ್ತಿದ್ದ ಕೊನೆಗಾರ ಯುವಕನ ಬಲಗಣ್ಣಿಗೆ ಒಂದು ಹನಿ ಸಿಡಿಯಿತು. "ಏನಿಲ್ಲ ಅಯ್ಯಾ, ಸ್ವಲ್ಪ ಉರಿ" ಎಂದು ಅವನು ಟವೆಲಿನಿಂದ ಉಜ್ಜಿಕೊಂಡ. ಯಾರೋ ಹೇಳಿದರೆಂದು ಕೊಬ್ಬರಿ ಎಣ್ಣೆ ಬಿಟ್ಟರು. ನಾನೂ ಅಲ್ಲಿಯೇ ನಿಂತಿದ್ದೆ, ಬೇಡವೆನ್ನಲಿಲ್ಲ. ಪಟ್ಟಣದ ಆಸ್ಪತ್ರೆ ಮುಟ್ಟುವಾಗ ಎರಡೂವರೆ ಗಂಟೆ ಕಳೆದಿತ್ತು. ಮೂರು ತಿಂಗಳಲ್ಲಿ ಆ ಕಣ್ಣಿನ ಮೇಲೆ ಕೆಂಪು ನರಗಳ ಬಿಳಿ ಪೊರೆ ಬೆಳೆದು ದೃಷ್ಟಿ ಮುಚ್ಚಿಹೋಯಿತು. ಡ್ರಮ್ಮಿನ ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇಟ್ಟಿರಲಿಲ್ಲವೆಂಬ ತಪ್ಪು ನನ್ನದು. ಈ ಲೇಖನಕ್ಕೆ ಅದೇ ಕಾರಣ.

ಸುಣ್ಣ ಮಾಡುವ ಹಾನಿ

ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಆಮ್ಲ ಬಿದ್ದರೆ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಅದೇ ಬಹುಮಟ್ಟಿಗೆ ತಡೆಯಾಗಿ ನಿಲ್ಲುತ್ತದೆ. ಸುಣ್ಣ ಕ್ಷಾರ. ಅದು ಜೀವಕೋಶಗಳ ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಸುಣ್ಣದ ಕಣಗಳು ರೆಪ್ಪೆಯ ಅಡಿಯಲ್ಲಿ ಅಂಟಿ ಕುಳಿತು, ತೆಗೆಯುವ ತನಕ ಸುಡುತ್ತಲೇ ಇರುತ್ತವೆ.

ಕಪ್ಪು ಮತ್ತು ಬಿಳಿ ಸೇರುವ ಗಡಿಯಲ್ಲಿ ಕಾರ್ನಿಯಾದ ಸುತ್ತ ಒಂದು ಕಿರಿದಾದ ಅಂಚಿದೆ. ವೈದ್ಯರು ಇದನ್ನು ಲಿಂಬಸ್ ಎನ್ನುತ್ತಾರೆ. ಕಾರ್ನಿಯಾದ ಹೊರಪದರ ಸದಾ ಸವೆಯುತ್ತದೆ, ಸದಾ ಹೊಸದಾಗುತ್ತದೆ. ಈ ಹೊಸ ಕೋಶಗಳನ್ನು ಒದಗಿಸುವ ಮೂಲ ಕೋಶಗಳು, ಅಂದರೆ ಕಾಂಡಕೋಶಗಳು, ಇರುವುದು ಈ ಅಂಚಿನಲ್ಲಿ. ಸಸಿಮಡಿ ಇದ್ದರಷ್ಟೇ ತೋಟದಲ್ಲಿ ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ಎಂಬುದು ನಮಗೆ ಗೊತ್ತೇ ಇದೆ. ಸುಣ್ಣದಿಂದ ಈ ಸಸಿಮಡಿಯೇ ಸುಟ್ಟುಹೋದರೆ ಬಿಳಿ ಭಾಗದ ಪೊರೆಯು ರಕ್ತನಾಳಗಳೊಡನೆ ಕಾರ್ನಿಯಾದ ಮೇಲೆ ಹಬ್ಬುತ್ತದೆ, ಬೇಸಾಯ ಬಿಟ್ಟ ಜಾಗಕ್ಕೆ ಕಳೆ ನುಗ್ಗಿದಂತೆ.

ಇಂಥ ಕಣ್ಣಿಗೆ ನೇತ್ರದಾನದಿಂದ ಬಂದ ಕಾರ್ನಿಯಾವನ್ನು ಮಾತ್ರ ಕಸಿ ಮಾಡಿದರೆ ಸಾಮಾನ್ಯವಾಗಿ ಬಾಳುವುದಿಲ್ಲ. ಕಸಿಯ ಹೊರಪದರ ಸವೆದಂತೆ ಹೊಸ ಕೋಶ ಕೊಡುವವರಿಲ್ಲ, ಮತ್ತೆ ಪೊರೆ ಮುಚ್ಚುತ್ತದೆ. ಮನುಷ್ಯನ ಕಾರ್ನಿಯಾ ಕಸಿ ಮೊತ್ತಮೊದಲು ಯಶಸ್ವಿಯಾದದ್ದು ಸುಣ್ಣದಿಂದ ಕಣ್ಣು ಕಳೆದುಕೊಂಡ ಒಬ್ಬ ಕೂಲಿಕಾರನಲ್ಲಿಯೇ ಎಂಬುದು ಗಮನಾರ್ಹ. 1905ರ ಡಿಸೆಂಬರ್ 7ರಂದು ಮೊರಾವಿಯಾದ ಓಲೋಮೌಟ್ಸ್ ಪಟ್ಟಣದಲ್ಲಿ ಡಾ. ಎಡುವರ್ಡ್ ಜಿರ್ಮ್ ಅವರು ಆತನ ಎರಡೂ ಕಣ್ಣಿಗೆ ಕಸಿ ಮಾಡಿದರು, ಒಂದು ಉಳಿಯಿತು. ಆದರೆ ಅಂಚು ಪೂರ್ತಿ ಸುಟ್ಟ ಕಣ್ಣುಗಳಿಗೆ ಮುಂದೆ ಬಹುಕಾಲ ದಾರಿ ಕಾಣಲಿಲ್ಲ.

ಸಂಶೋಧನೆ ನಡೆದ ದಾರಿ

ಮೂಲ ಕೋಶಗಳು ಅಂಚಿನಲ್ಲಿಯೇ ಇವೆ ಎಂಬುದಕ್ಕೆ 1980ರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳಿಂದ ಆಧಾರ ದೊರೆಯಿತು. 1989ರಲ್ಲಿ ಕೆನ್ಯನ್ ಮತ್ತು ಸೆಂಗ್ ಎಂಬ ವೈದ್ಯರು, ರೋಗಿಯ ಒಳ್ಳೆಯ ಕಣ್ಣಿನ ಅಂಚಿನಿಂದ ತುಂಡು ತೆಗೆದು ಕೆಟ್ಟ ಕಣ್ಣಿಗೆ ನೆಟ್ಟ ಫಲಿತಾಂಶಗಳನ್ನು ಪ್ರಕಟಿಸಿದರು. ಆದರೆ ಅದಕ್ಕೆ ದೊಡ್ಡ ತುಂಡೇ ಬೇಕಾಗಿತ್ತು, ಒಳ್ಳೆಯ ಕಣ್ಣಿಗೂ ಅಪಾಯವಿತ್ತು.

1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರೀನಿ, ಮಿಕೇಲೆ ಡಿ ಲೂಕಾ ಮತ್ತು ಸಂಗಡಿಗರು ಅತಿ ಚಿಕ್ಕ ತುಣುಕಿನಿಂದ ಪ್ರಯೋಗಾಲಯದಲ್ಲಿ ಕೋಶದ ಹಾಳೆ ಬೆಳೆಸಿ ಇಬ್ಬರು ರೋಗಿಗಳ ಕಣ್ಣಿಗೆ ಹೊದಿಸಿದರು. 2010ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 112 ರೋಗಿಗಳ ವಿವರವಿದೆ. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ಶೇಕಡಾ 76.6ರಷ್ಟರಲ್ಲಿ ಹೊರಪದರ ಸ್ಥಿರವಾಗಿ ಉಳಿಯಿತು. 2015ರಲ್ಲಿ ಯುರೋಪಿಯನ್ ಒಕ್ಕೂಟ ಈ ವಿಧಾನಕ್ಕೆ ಹೋಲೋಕ್ಲಾರ್ ಎಂಬ ಹೆಸರಿನಲ್ಲಿ ಷರತ್ತಿನ ಅನುಮತಿ ನೀಡಿತು. ಆದರೆ ಅಂಥ ಪ್ರಯೋಗಾಲಯದ ಖರ್ಚು ಸಾಮಾನ್ಯರಿಗೆ ಎಟಕುವಂಥದಲ್ಲ.

ಹೈದರಾಬಾದಿನ ಕೊಡುಗೆ

ನಮ್ಮ ದೇಶದ ವೈದ್ಯರು ಕಂಡುಕೊಂಡ ದಾರಿ ನಿಜಕ್ಕೂ ಹೆಮ್ಮೆ ತರುವಂಥದು. ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ 2001ರಿಂದ ಪ್ರಯೋಗಾಲಯದಲ್ಲಿ ಕೋಶ ಬೆಳೆಸಿ ನೆಡುವ ಚಿಕಿತ್ಸೆ ನಡೆದಿತ್ತು. ಕೋಶಗಳನ್ನು ಬೆಳೆಸಲು ಪ್ರಯೋಗಾಲಯವೇ ಏಕೆ, ರೋಗಿಯ ಕಣ್ಣಿನ ಮೇಲೆಯೇ ಬೆಳೆಯಬಾರದೇಕೆ ಎಂದು ಡಾ. ವೀರೇಂದ್ರ ಸಂಗ್ವಾನ್, ಡಾ. ಸಯನ್ ಬಸು ಮತ್ತು ಸಂಗಡಿಗರು ಯೋಚಿಸಿದರು. 2012ರಲ್ಲಿ ಅವರು ಪ್ರಕಟಿಸಿದ ಸರಳ ವಿಧಾನವನ್ನು ವೈದ್ಯರು ಸ್ಲೆಟ್ ಎಂದು ಕರೆಯುತ್ತಾರೆ.

ವಿಧಾನ ಹೀಗಿದೆ. ಒಳ್ಳೆಯ ಕಣ್ಣಿನ ಅಂಚಿನಿಂದ ಸುಮಾರು 2 ಮಿಲಿಮೀಟರು ಚದರದ ತುಣುಕು ತೆಗೆಯುತ್ತಾರೆ. ಕೆಟ್ಟ ಕಣ್ಣಿನ ಮೇಲಿನ ಪೊರೆಯನ್ನು ಬಿಡಿಸಿ, ಹೆರಿಗೆಯ ಮಾಸಿನಿಂದ ಪಡೆದು ಶುದ್ಧಪಡಿಸಿದ ತೆಳು ಪದರವೊಂದನ್ನು ಹಾಸುತ್ತಾರೆ. ತೆಗೆದ ತುಣುಕನ್ನು ಎಂಟು ಹತ್ತು ಚೂರು ಮಾಡಿ, ಈ ಹಾಸಿನ ಮೇಲೆ ಸುತ್ತಲೂ ಇಟ್ಟು ಫೈಬ್ರಿನ್ ಎಂಬ ಅಂಟಿನಿಂದ ಹಿಡಿಸಿ, ಮೃದುವಾದ ಲೆನ್ಸ್ ಮುಚ್ಚುತ್ತಾರೆ. ಒಂದೊಂದು ಚೂರೂ ಚಿಗುರಿ ಹರಡಿ, ಕೆಲವು ವಾರಗಳಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಎಲ್ಲವೂ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. 2016ರಲ್ಲಿ ಪ್ರಕಟವಾದ ವರದಿಯಂತೆ, ಒಂದು ಕಣ್ಣು ಸುಟ್ಟ 125 ರೋಗಿಗಳಲ್ಲಿ ಶೇಕಡಾ 76 ಮಂದಿಗೆ ಇದು ಫಲಿಸಿತು.

ನಮ್ಮ ಯುವಕನಿಗೂ 2016ರಲ್ಲಿ ಈ ಶಸ್ತ್ರಚಿಕಿತ್ಸೆ ಆಯಿತು. ಪೊರೆ ಹೋಗಿ ಕಣ್ಣು ತಿಳಿಯಾಯಿತು. ಒಳಪದರದ ಕಲೆ ಪೂರ್ತಿ ಹೋಗಿಲ್ಲ. ಆ ಕಣ್ಣಿನಿಂದ ಎದುರಿಗೆ ನಿಂತವರ ಮುಖ ಗುರುತಿಸುತ್ತಾನೆ, ಪತ್ರಿಕೆ ಓದಲಾರ. ಮರ ಹತ್ತುವುದನ್ನು ಬಿಟ್ಟಿದ್ದಾನೆ. ಸಣ್ಣ ಅಕ್ಷರವನ್ನೂ ಓದಬಲ್ಲ ಕಣ್ಣು, ಒಂದು ಕೊಡ ನೀರಿಗೆ ಉಳಿಯಬಹುದಿತ್ತು.

ಎರಡೂ ಕಣ್ಣು ಸುಟ್ಟವರಿಗೆ ತಮ್ಮದೇ ಅಂಚಿನ ತುಣುಕು ಸಿಗುವುದಿಲ್ಲ. ಹತ್ತಿರದ ಬಂಧುವಿನಿಂದ ಪಡೆದರೆ ದೇಹ ಅದನ್ನು ತಿರಸ್ಕರಿಸದಂತೆ ಔಷಧಿ ಬೇಕು. ಬಾಯಿಯ ಒಳಚರ್ಮದ ಕೋಶಗಳನ್ನು ಬೆಳೆಸಿ ನೆಡುವ ಕ್ರಮವನ್ನು ಜಪಾನಿನ ಡಾ. ಕೋಜಿ ನಿಶಿದಾ ತಂಡ 2004ರಲ್ಲಿ ವರದಿ ಮಾಡಿತು. ಕಾರ್ನಿಯಾದ ಒಳಮೈ ಕೋಶಗಳು ನಶಿಸಿದವರಿಗೆ ಬೆಳೆಸಿದ ಕೋಶಗಳನ್ನು ಸೂಜಿಯಿಂದ ಬಿಡುವ ಕ್ರಮವನ್ನು ಕ್ಯೋಟೋದ ಡಾ. ಶಿಗೆರು ಕಿನೋಶಿತಾ ತಂಡ 11 ರೋಗಿಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿತು. 2023ರಲ್ಲಿ ಜಪಾನ್ ಸರ್ಕಾರ ಅದಕ್ಕೆ ಅನುಮತಿ ನೀಡಿತು.

ಒಂದು ಎಚ್ಚರಿಕೆ. ಕಾಂಡಕೋಶ ಎಂಬ ಹೆಸರು ಹೇಳಿ ಎಲ್ಲ ಕುರುಡುತನಕ್ಕೂ ಇಂಜೆಕ್ಷನ್ ಕೊಡುತ್ತೇವೆಂಬ ಜಾಹೀರಾತು ನಂಬಬಾರದು. ಮೇಲೆ ಹೇಳಿದ್ದೆಲ್ಲ ಕಾರ್ನಿಯಾಕ್ಕೆ ಮಾತ್ರ ಸಂಬಂಧಿಸಿದ್ದು.

ನಾವು ಮಾಡಬೇಕಾದ್ದು

1. ಸುಣ್ಣ ಅರಳಿಸುವಾಗ, ದ್ರಾವಣ ಬೆರೆಸುವಾಗ ಮತ್ತು ಸಿಂಪಡಿಸುವಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ಕೊನೆಗಾರ ಮೇಲೆ ನೋಡಿಕೊಂಡೇ ಕೆಲಸ ಮಾಡುವುದರಿಂದ ಅವನಿಗೆ ಅಪಾಯ ಹೆಚ್ಚು.

2. ಡ್ರಮ್ಮಿನ ಪಕ್ಕದಲ್ಲಿ ಶುದ್ಧ ನೀರಿನ ಕೊಡಗಳು ಮತ್ತು ಚೊಂಬು ಇರಲಿ.

3. ಸುಣ್ಣ ಬಿದ್ದರೆ ಉಜ್ಜಬಾರದು. ಆ ಕ್ಷಣವೇ ರೆಪ್ಪೆ ಅಗಲಿಸಿ ಧಾರಾಳ ನೀರು ಹೊಯ್ಯಬೇಕು, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ. ಸುಣ್ಣಕ್ಕೆ ನೀರು ತಗುಲಿದರೆ ಬಿಸಿಯಾಗುತ್ತದೆಂದು ಹೆದರಿ ನಿಲ್ಲಿಸಬಾರದು. ಧಾರಾಳ ನೀರು ಬಿಸಿಯನ್ನೂ ಕ್ಷಾರವನ್ನೂ ತೊಳೆದೊಯ್ಯುತ್ತದೆ.

4. ಎಣ್ಣೆ, ತುಪ್ಪ, ಜೇನು, ಎದೆಹಾಲು ಯಾವುದೂ ಬೇಡ. ಅಂಗಡಿಯಿಂದ ಕಂಡ ಹನಿಮದ್ದು ತಂದು ಬಿಡುವುದೂ ಬೇಡ.

5. ತೊಳೆದ ಮೇಲೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ರೆಪ್ಪೆ ಮಗುಚಿ ಒಳಗಿನ ಕಣ ತೆಗೆಯುವುದು ಅವರ ಕೆಲಸ.

6. ಎಲೆಅಡಿಕೆ ತಟ್ಟೆಯ ಸುಣ್ಣದ ಡಬ್ಬಿ, ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದಿರಲಿ. ಪೊಟ್ಟಣ ಹಿಚುಕಿದಾಗ ಕಣ್ಣಿಗೆ ಸಿಡಿದು ನಮ್ಮ ದೇಶದಲ್ಲಿ ಬಹಳ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದಾರೆ. ಅಡಿಕೆ ನಮ್ಮದು, ಅದರ ಜೊತೆಗೆ ಹೋಗುವ ಸುಣ್ಣದ ಎಚ್ಚರವೂ ನಮ್ಮದಾಗಬೇಕು.

ಕೊನೆಯದಾಗಿ ನೇತ್ರದಾನ. ಅಂಚಿನ ಕೋಶ ಚಿಗುರಿದ ಮೇಲೂ ಒಳಪದರದ ಕಲೆಗೆ ದಾನಿಯ ಕಾರ್ನಿಯಾವೇ ಬೇಕಾಗಬಹುದು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾನವಾದ ಎರಡು ಕಣ್ಣುಗಳಿಂದ ನಾಲ್ವರಿಗೆ ಕಸಿ ನಡೆದದ್ದು ನಮಗೆಲ್ಲ ನೆನಪಿದೆ. ಮರಣದ ಬಳಿಕ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕಾದ್ದರಿಂದ ಮನೆಯವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಈ ವರ್ಷ ಗೋದಾಮಿನಿಂದ ಸುಣ್ಣದ ಚೀಲ ಒಯ್ಯುವ ಸದಸ್ಯರು ಒಂದು ಜೊತೆ ಕನ್ನಡಕವನ್ನೂ ಒಯ್ಯಬೇಕಾಗಿ ವಿನಂತಿ.

— ಕಾರ್ಯದರ್ಶಿ