ಹೊಟ್ಟೆನೋವು ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ

ಬಾಪ ರಜೆ ಮುಗಿಸಿ ಗಲ್ಫಿಗೆ ಹೋದ ಮರುವಾರದಿಂದಲೇ ನಮ್ಮ ಕೆಲವು ಮನೆಗಳಲ್ಲಿ ಒಂದು ಹೊಸ ಕಾಯಿಲೆ ಶುರುವಾಗುತ್ತದೆ. ಎರಡನೇ, ಮೂರನೇ ಕ್ಲಾಸಿನ ಮಗುವಿಗೆ ಬೆಳಗ್ಗೆ ಮದ್ರಸಕ್ಕೋ ಶಾಲೆಗೋ ಹೊರಡುವಾಗ ಹೊಟ್ಟೆನೋವು. ಶಾಲೆಯ ವ್ಯಾನ್ ಹೋದ ಮೇಲೆ ನೋವು ಕಡಿಮೆ. ರಜೆಯ ದಿನ ನೋವೇ ಇಲ್ಲ. "ಇದು ಕಳ್ಳ ಹೊಟ್ಟೆನೋವು" ಎಂದು ದೊಡ್ಡವರು ನಗುತ್ತಾರೆ. ಕಣ್ಣು ತಾಗಿದೆ ಎಂದು ಕೆಲವರು ನೀರು ಮಂತ್ರಿಸಿ ತರುತ್ತಾರೆ. ಮಧ್ಯದಲ್ಲಿ ಉಮ್ಮ ಕಂಗಾಲು.

ಮೊದಲು ಡಾಕ್ಟರಿಗೆ ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಟ್ಟೆಯಲ್ಲಿ ಏನೂ ತೊಂದರೆ ಕಾಣದಿದ್ದರೂ ಮಗು ನಾಟಕ ಮಾಡುತ್ತಿದೆ ಎಂದು ತೀರ್ಮಾನಿಸಬಾರದು. ಆರರಿಂದ ಹತ್ತು ವರ್ಷದ ಮಕ್ಕಳಿಗೆ "ನನಗೆ ಬೇಸರವಾಗಿದೆ", "ನನಗೆ ಹೆದರಿಕೆ" ಎಂದು ಬಿಡಿಸಿ ಹೇಳಲು ಬರುವುದು ಕಡಿಮೆ. ಆ ಬೇಸರ ದೇಹದ ಮೂಲಕ ಹೊರಗೆ ಬರುತ್ತದೆ. ಹೊಟ್ಟೆನೋವು, ತಲೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಪುನಃ ಬರುವುದು, ತಂಗಿಗೆ ಹೊಡೆಯುವುದು, ಆಟ ಬಿಟ್ಟು ಮೂಲೆಯಲ್ಲಿ ಕೂರುವುದು. ನೋವು ನಿಜವಾಗಿಯೂ ಆಗುತ್ತದೆ, ಅದರ ಬೇರು ಮಾತ್ರ ಮನಸ್ಸಿನಲ್ಲಿದೆ. ಬಾಪನ ಪ್ರಯಾಣ, ಮನೆಯ ಜಗಳ, ತಲಾಖ್, ಅಜ್ಜಿಯ ಮರಣ, ಶಾಲೆಯಲ್ಲಿ ಗೇಲಿ, ಇದರಲ್ಲಿ ಯಾವುದೂ ಕಾರಣವಾಗಿರಬಹುದು.

ಕೌನ್ಸೆಲಿಂಗ್ ಅಂದ ಕೂಡಲೇ "ನಮ್ಮ ಮಗುವಿಗೆ ತಲೆ ಸರಿ ಇಲ್ಲವಾ?" ಎಂದು ಕೇಳುವವರಿದ್ದಾರೆ. ಹೆಣ್ಣು ಮಗುವಾದರೆ ಮುಂದೆ ಸಂಬಂಧ ಬರುವಾಗ ತೊಂದರೆ ಎಂಬ ಹೆದರಿಕೆ ಬೇರೆ. ಅಲ್ಲಿ ನಡೆಯುವುದು ಅಂಥದ್ದೇನೂ ಅಲ್ಲ. ಸಣ್ಣ ಮಕ್ಕಳ ಜೊತೆ ಕೌನ್ಸೆಲರ್ ನೆಲದಲ್ಲಿ ಕೂತು ಚಿತ್ರ ಬಿಡಿಸುತ್ತಾರೆ, ಆಟಿಕೆ ಕೊಡುತ್ತಾರೆ, ಕತೆ ಹೇಳಿಸುತ್ತಾರೆ. ಮಗು ಬಿಡಿಸಿದ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಕೇಳಿದ್ದನ್ನು ಊರಿಗೆ ಹೇಳುವುದಿಲ್ಲ. ಮಗುವಿಗೆ ಅಪಾಯವಿದೆ ಎಂದು ಕಂಡರೆ ಮಾತ್ರ ಹೇಳಬೇಕಾದವರಿಗೆ ಹೇಳುತ್ತಾರೆ.

ಆದರೆ ನಮ್ಮ ಹೆಚ್ಚಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕೌನ್ಸೆಲರ್ ಇಲ್ಲ. ಹಾಗಾಗಿ ಮಗುವನ್ನು ದಿನಾ ನೋಡುವ ಮೂವರೇ ಮೊದಲ ಆಸರೆ: ಉಮ್ಮ, ಕ್ಲಾಸ್ ಟೀಚರ್, ಮದ್ರಸದ ಉಸ್ತಾದ್. ತೊಂದರೆ ಏನೆಂದರೆ ಈ ಮೂವರು ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಬಾಪ ಹೋದ ವಿಷಯ ಟೀಚರಿಗೆ ಗೊತ್ತಿಲ್ಲ. ಮಗು ಶಾಲೆಯಲ್ಲಿ ಊಟ ಬಿಟ್ಟದ್ದು ಉಮ್ಮನಿಗೆ ಗೊತ್ತಿಲ್ಲ. ಮದ್ರಸದಲ್ಲಿ ಪಾಠ ಒಪ್ಪಿಸುವಾಗ ಅತ್ತದ್ದು ಇಬ್ಬರಿಗೂ ಗೊತ್ತಿಲ್ಲ. ಮನೆಯಲ್ಲಿ ದೊಡ್ಡ ಬದಲಾವಣೆ ಆದಾಗ ಟೀಚರಿಗೂ ಉಸ್ತಾದರಿಗೂ ಒಂದು ಮಾತು ಹೇಳಿ. ಮನೆಯ ಗುಟ್ಟು ಹೇಳಬೇಕಾಗಿಲ್ಲ. "ಇವನ ಬಾಪ ಮೊನ್ನೆ ಹೋದರು, ಸ್ವಲ್ಪ ನೋಡಿಕೊಳ್ಳಿ" ಎಂದರೆ ಸಾಕು.

ಅಬೂ ಉಮೈರ್ ಎಂಬ ಪುಟ್ಟ ಹುಡುಗನ ವಿಷಯ ನಮಗೆಲ್ಲ ಗೊತ್ತಿದೆ. ಅವನು ಸಾಕಿದ ಹಕ್ಕಿ ಸತ್ತು ಬೇಸರದಲ್ಲಿದ್ದಾಗ ಪ್ರವಾದಿಯವರು (ಸ) ಹೆಸರು ಹಿಡಿದು ಕರೆದು ಆ ಹಕ್ಕಿಯ ಬಗ್ಗೆಯೇ ವಿಚಾರಿಸಿದರು. ಹಕ್ಕಿಗಾಗಿ ಅಳುವುದಾ ಎಂದು ಗದರಲಿಲ್ಲ. ದೊಡ್ಡವರಿಗೆ ಸಣ್ಣದಾಗಿ ಕಂಡದ್ದು ಮಗುವಿಗೆ ದೊಡ್ಡದೇ. ಮನೆಯಲ್ಲೂ ಹೀಗೇ ಕೇಳಬಹುದು. "ಯಾಕೆ ಅಳುತ್ತಿ?" ಎಂದು ಜೋರು ಮಾಡಿದರೆ ಮಗು ಬಾಯಿ ಮುಚ್ಚುತ್ತದೆ. "ಬಾಪನ ನೆನಪಾಯ್ತಾ ಮೋನೇ?" ಎಂದು ಹತ್ತಿರ ಕೂರಿಸಿ ಕೇಳಿದರೆ ತಾನೇ ಹೇಳುತ್ತದೆ.

ಹೆದರಿದ ಮಗುವಿಗೆ ಪೆಟ್ಟು ಕೊಟ್ಟರೆ ಹೆದರಿಕೆ ಇಮ್ಮಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮದ್ರಸದಲ್ಲೂ ಮನೆಯಲ್ಲೂ ನಾವು ಅದನ್ನೇ ಪಾಲಿಸಬೇಕು.

ದೂರದಲ್ಲಿರುವ ಬಾಪಂದಿರಿಗೂ ಕೆಲಸವಿದೆ. ಸೌದಿಯಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಹತ್ತೂವರೆ, ಮಗು ನಿದ್ದೆಯಲ್ಲಿರುತ್ತದೆ. ಫೋನಿಗೆ ಸಿಕ್ಕಿದ ದಿನವೂ "ಮಾರ್ಕ್ ಎಷ್ಟು?" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಒಂದು ವಾಯ್ಸ್ ಮೆಸೇಜ್ ಕಳುಹಿಸಿಡಿ, ಬೆಳಗ್ಗೆ ಹೊರಡುವ ಮೊದಲು ಮಗು ಕೇಳಲಿ. ವಾರಕ್ಕೊಮ್ಮೆಯಾದರೂ ಹೇಳಿದ ಹೊತ್ತಿಗೆ ಸರಿಯಾಗಿ ಕಾಲ್ ಮಾಡಿ. ಹೊರಡುವ ದಿನ ಮಗು ನಿದ್ದೆ ಮಾಡುವಾಗ ಕದ್ದು ಹೋಗಬೇಡಿ. ಹೇಳಿ ಹೋದರೆ ಅತ್ತು ಸುಮ್ಮನಾಗುತ್ತದೆ. ಹೇಳದೆ ಹೋದರೆ ಉಮ್ಮನೂ ಹಾಗೆ ಹೋಗಿಬಿಟ್ಟಾರೋ ಎಂದು ಸೆರಗು ಬಿಡುವುದಿಲ್ಲ.

ಇಷ್ಟು ಮಾಡಿಯೂ ಕೆಲವು ವಾರಗಳಲ್ಲಿ ಸರಿಯಾಗದಿದ್ದರೆ, ಮಗು ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ, ಯಾರದ್ದೋ ಸ್ಪರ್ಶದ ಬಗ್ಗೆ ಹೆದರಿ ಹೇಳಿದರೆ ತಡ ಮಾಡಬೇಡಿ. 2022ರಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಾದರೂ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ವಿಚಾರಿಸಿಕೊಂಡು ಹೋಗಿ.

14416 ಮಕ್ಕಳಿಗೆ ಮಾತ್ರ ಅಲ್ಲ, ಉಮ್ಮಂದಿರಿಗೂ ಹೌದು. ಮಕ್ಕಳು, ಅತ್ತೆ ಮಾವ, ಆಸ್ಪತ್ರೆ, ಬ್ಯಾಂಕು ಎಲ್ಲವನ್ನೂ ಒಬ್ಬಳೇ ನೋಡುವವಳು ದಣಿದಿದ್ದರೆ ಮಗುವಿಗೆ ಒರಗಲು ಜಾಗ ಎಲ್ಲಿ? ಮನೆಯ ಹಿರಿಯರು ಅವಳಿಗೂ ದಿನಕ್ಕೊಂದು ಗಂಟೆ ಬಿಡುವು ಮಾಡಿಕೊಡಲಿ. ಮತ್ತೆ ನಾಳೆ ಬೆಳಗ್ಗೆ ಮಗು ಹೊಟ್ಟೆ ಹಿಡಿದುಕೊಂಡರೆ ಐದು ನಿಮಿಷ ಹತ್ತಿರ ಕೂತು ಕೇಳಿ. ಮದ್ರಸಕ್ಕೆ ಐದು ನಿಮಿಷ ತಡವಾದರೂ ಉಸ್ತಾದರು ಬೇಡ ಎನ್ನುವುದಿಲ್ಲ.